ಬೇಕೆಂದೇ ಔಟಾದ ಕ್ಯಾಚರ್

ಪಿಎಚ್‌ಡಿಗೆಂದು ನಾನು ಡಲ್ಲಾಸ್‌ಗೆ ಬಂದದ್ದು 2012ರ ಆಗಸ್ಟ್‌ನಲ್ಲಿ. ನಮ್ಮ ಯೂನಿವರ್ಸಿಟಿಯ ಬೇಸ್‌ಬಾಲ್ ತಂಡ ಆಗಿನ್ನೂ ಹೊಸದು. ಕೆಮಿಸ್ಟ್ರಿ ಲ್ಯಾಬಿನ ಹಿಂದೆಯೇ ಅದರ ಮೈದಾನ. ಮೈಸೂರಿನಲ್ಲಿ ಕ್ರಿಕೆಟ್ ಸ್ಕೋರ್ ಬರೆಯುತ್ತಾ ಬೆಳೆದ ನನ್ನ ಕೈ ಸುಮ್ಮನಿರಲಿಲ್ಲ. ಮೊದಲ ವಸಂತದಿಂದಲೇ ಡೈರಿಯಲ್ಲಿ ಪಂದ್ಯಗಳನ್ನು ಬರೆಯತೊಡಗಿದೆ. ಆ ವರ್ಷ ಒಂಬತ್ತು ಗೆಲುವು, ಮರುವರ್ಷ ಇಪ್ಪತ್ತಾರು.

ತಂಡದ ಕ್ಯಾಚರ್ ನನ್ನ ಲ್ಯಾಬ್ ತರಗತಿಯ ವಿದ್ಯಾರ್ಥಿ. ಕ್ಯಾಚರ್ ಎಂದರೆ ನಮ್ಮ ವಿಕೆಟ್‌ಕೀಪರ್‌ನಂತೆ, ಆದರೆ ಮೂರು ಗಂಟೆ ಕುಕ್ಕರುಗಾಲಲ್ಲೇ ಕೂತು ಬಂದೂಕಿನ ಗುಂಡಿನಂತೆ ಬರುವ ಚೆಂಡನ್ನು ಹಿಡಿಯಬೇಕು. ಪಂದ್ಯದ ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅದೇ ಊದಿದ ಬೆರಳುಗಳಲ್ಲಿ ಪಿಪೆಟ್ ಹಿಡಿದು, ಒಂದು ಹನಿಯೂ ಹೆಚ್ಚಾಗದಂತೆ ಬಿಡುತ್ತಿದ್ದ. ನಾನು ಅವನ ಕೈಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

2014ರಲ್ಲಿ ಆಸ್ಟಿನ್‌ನಲ್ಲಿ ನಮ್ಮವರು ದೊಡ್ಡ ತಂಡವೊಂದನ್ನು ಸೋಲಿಸಿದರು. ನಾನೂ ಹುಬ್ಬಳ್ಳಿಯ ನನ್ನ ರೂಮ್‌ಮೇಟೂ ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ವಾಪಸ್ ಬರುವಾಗ ಕೂಗಿ ಕೂಗಿ ಇಬ್ಬರ ದನಿಯೂ ಹೋಗಿತ್ತು.

ಮರುವರ್ಷ ಮಾರ್ಚ್‌ನಲ್ಲಿ ಸುದ್ದಿ ಬಂತು: ಈ ಸೀಸನ್ ಮುಗಿದ ಮೇಲೆ ತಂಡ ಇರುವುದಿಲ್ಲ, ಮೈದಾನದಲ್ಲಿ ಹೊಸ ಲ್ಯಾಬ್ ಕಟ್ಟಡ ಏಳುತ್ತದೆ. ಅದೂ ನಮ್ಮ ವಿಭಾಗಕ್ಕೇ. ಕ್ಯಾಚರ್‌ಗೆ ಇನ್ನೊಂದು ವರ್ಷ ಆಡುವ ಅವಕಾಶ ಬಾಕಿ ಇತ್ತು. ಬೇರೆ ಕಾಲೇಜು ಕರೆದರೆ ಉಂಟು, ಇಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯಿತು.

"ಕೊನೆಯ ಪಂದ್ಯ ಹ್ಯೂಸ್ಟನ್‌ನಲ್ಲಿ. ಅಲ್ಲಿಯ ಒಂದು ಕಾಲೇಜಿನ ಕೋಚ್ ನನ್ನನ್ನು ನೋಡೋಕೆ ಬರ್ತಾರೆ. ಅವರಿಗೆ ಬೇಕಿರೋದು ಜೋರಾಗಿ ಹೊಡೆಯೋರು" ಎಂದ ಅವನು, ಲ್ಯಾಬಿನಲ್ಲಿ ಬೀಕರ್‌ಗಳನ್ನು ತೊಳೆಯುತ್ತಾ.

ಹ್ಯೂಸ್ಟನ್‌ನಲ್ಲಿ ಕೊನೆಯ ಸುತ್ತಿಗೆ ಸ್ಕೋರ್ ಮೂರು-ಮೂರು. ನಮ್ಮ ಓಟಗಾರ ಕೊನೆಯ ತಂಗುದಾಣವಾದ ಮೂರನೇ ಬೇಸಿನಲ್ಲಿದ್ದ. ಅವನು ಮರಳಿ ಬ್ಯಾಟ್ ಮಾಡುವ ಜಾಗ, ಅಂದರೆ ‘ಮನೆ’ ಮುಟ್ಟಿದರೆ ಒಂದು ಓಟ, ಮುನ್ನಡೆ. ಬ್ಯಾಟು ಕ್ಯಾಚರ್ ಕೈಯಲ್ಲಿ. ಆ ಕೋಚ್ ತಂಪು ಕನ್ನಡಕ ತೆಗೆದು ಮುಂದೆ ಬಾಗಿದ್ದು ನನಗೆ ಕಂಡಿತು. ಕ್ಯಾಚರ್ ಬೀಸಲಿಲ್ಲ. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ನೆಲಕ್ಕೆ ಇಳಿಸಿ ಓಡಿದ, ಮೊದಲ ಬೇಸಿನಲ್ಲಿ ಔಟಾದ.

"ಏನ ಮಾಡಿದನಲೇ ಇಂವಾ! ಇಂಥಾ ಹೊತ್ತಿನ್ಯಾಗ ಡಿಫೆನ್ಸ್ ಆಡ್ತಾರೇನ್?" ರೂಮ್‌ಮೇಟ್ ತಲೆ ಚಚ್ಚಿಕೊಂಡ. ನಾನೂ ಕ್ಯಾಚರ್ ಹೆಸರಿನ ಮುಂದೆ ಸೊನ್ನೆ ಹಾಕಿದೆ. ತಲೆ ಎತ್ತಿದಾಗ ನಮ್ಮ ಇಡೀ ತಂಡ ಅವನನ್ನು ತಬ್ಬಿಕೊಂಡಿತ್ತು. ಎದುರಾಳಿಗಳೆಲ್ಲ ಅವನನ್ನು ಔಟ್ ಮಾಡುವುದರಲ್ಲಿದ್ದಾಗ ಮೂರನೇ ಬೇಸಿನವನು ಮನೆ ಮುಟ್ಟಿಬಿಟ್ಟಿದ್ದ. ಬೇಸ್‌ಬಾಲ್‌ನಲ್ಲಿ ಹೀಗೆ ಹೊಡೆದವನು ಔಟಾದರೂ ಆ ಓಟ ಲೆಕ್ಕಕ್ಕುಂಟು; ಆ ಒಂದು ಓಟದಿಂದ ಗೆದ್ದೆವು.

"ನಮ್ಮ ಕೋಚ್ ಹಾಗೆ ಆಡು ಅಂದ್ರಾ?" ಎಂದು ಬಸ್ಸಿನ ಬಳಿ ಕೇಳಿದೆ.

"ಇಲ್ಲ. ಹೊಡಿ ಅಂತಾನೇ ಹೇಳಿದ್ರು."

ಹ್ಯೂಸ್ಟನ್‌ನಿಂದ ಕರೆ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಬುಲ್ಡೋಜರ್ ಬಂತು. ಅದೇ ತಿಂಗಳು ಕ್ಯಾರಲ್ಟನ್‌ನ ಪಾರ್ಕಿನಲ್ಲಿ ನಡೆಯುವ ನಮ್ಮ ಭಾನುವಾರದ ಟೆನಿಸ್‌ಬಾಲ್ ಕ್ರಿಕೆಟ್ಟಿಗೆ ಕ್ಯಾಚರ್‌ನನ್ನು ಕರೆದೊಯ್ದೆ. ಕೀಪಿಂಗ್‌ಗೆ ಕೂತವನನ್ನು ನೋಡಲು ಪಕ್ಕದ ಪಿಚ್ಚಿನವರೂ ಆಟ ನಿಲ್ಲಿಸಿ ಬಂದರು. ಕೊನೆಯ ಚೆಂಡಿಗೆ ಗೆಲ್ಲಲು ಒಂದು ರನ್ ಬೇಕಿತ್ತು. ಬ್ಯಾಟು ಅವನ ಕೈಯಲ್ಲಿ, ಆ ತುದಿಯಲ್ಲಿ ರೂಮ್‌ಮೇಟ್. ಮೆಲ್ಲಗೆ ಚೆಂಡು ಇಳಿಸಿ, ಬ್ಯಾಟು ಬಿಸಾಡಿ ಓಡಿದ. ರೂಮ್‌ಮೇಟ್ ಈಚೆ ಕ್ರೀಸ್ ಮುಟ್ಟಿದ. ಇವನು ಅರ್ಧ ದಾರಿಯಲ್ಲಿರುವಾಗಲೇ ಆಚೆಯ ಬೇಲ್ಸ್ ಹಾರಿದವು. ಆದರೂ ಎರಡೂ ಕೈ ಎತ್ತಿ ನಗುತ್ತಿದ್ದ.

"ಗೆದ್ದಿಲ್ಲೋ ಮಾರಾಯ," ಎಂದ ರೂಮ್‌ಮೇಟ್ ಏದುಸಿರಿನಲ್ಲೇ, ನಂತರ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ: ಓಡುವವರಲ್ಲಿ ಒಬ್ಬ ಔಟಾದರೆ ಆ ರನ್ ಲೆಕ್ಕಕ್ಕಿಲ್ಲ.

ಕ್ಯಾಚರ್ ರೂಮ್‌ಮೇಟನ್ನು ತೋರಿಸುತ್ತಾ ನನ್ನ ಕಡೆ ತಿರುಗಿದ. "ನಿಜವಾಗ್ಲೂ? ಹಾಗಾದ್ರೆ ಇವನನ್ನ ಮನೆ ಮುಟ್ಟಿಸೋದು ಹೇಗೆ?"

ನೆಲದಲ್ಲಿ ಬಿದ್ದಿದ್ದ ಬ್ಯಾಟನ್ನು ಎತ್ತಿ ಅವನ ಕೈಗೆ ಕೊಟ್ಟೆ.