ಘಾಟಿ ಡ್ರೈವರ್ ಭೂತಪ್ಪ ಹಿಮಕ್ಕೆ ಹೋದದ್ದು

ಹೊಸನಗರದಿಂದ ಕುಂದಾಪುರಕ್ಕೆ ಓಡುವ ಒಂದು ಖಾಸಗಿ ಬಸ್ಸಿಗೆ ಭೂತಪ್ಪ ಡ್ರೈವರ್, ನಾನು ಕಂಡಕ್ಟರ್. ನನ್ನ ಹೆಸರು ಕೆರಿಯಪ್ಪ. ಚಿಲ್ಲರೆ ತರದೆ ಬಸ್ಸು ಹತ್ತುವವರ ಜೊತೆ ವರ್ಷಗಟ್ಟಲೆ ಗುದ್ದಾಡಿ ನನ್ನ ಬಾಯಿ ಜೋರಾಗಿದೆ, ಸಿಟ್ಟು ಮೂಗಿನ ತುದಿಗೇ ಬಂದು ಕೂತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಭೂತಣ್ಣ ನನ್ನ ಹಾಗಲ್ಲ. ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಶುರುವಾಯಿತೆಂದರೆ ಅವನ ಬಾಯಿಗೆ ಬೀಗ. ಗೇರು ಇಳಿಸಿ, ಬಲಗಾಲನ್ನು ಬ್ರೇಕಿನ ಮೇಲೆ ಊರಿ ಕೂತನೆಂದರೆ ಹೊಸಂಗಡಿ ಬರುವವರೆಗೆ ಅವನನ್ನು ಮಾತಾಡಿಸುವಂತಿಲ್ಲ. ನಾನು ಒಂದು ವಿಸಿಲ್ ಊದಿದರೆ ನಿಲ್ಲಿಸುತ್ತಾನೆ, ಎರಡು ಊದಿದರೆ ಹೊರಡುತ್ತಾನೆ. ನಮ್ಮಿಬ್ಬರ ಮಾತುಕತೆ ಅಷ್ಟೇ. ಮನೆಯಲ್ಲಿ ಊಟಕ್ಕೆ ಕೂತಾಗಲೂ, ಮಾತು ಸ್ವಲ್ಪ ಬಿಸಿಯಾದರೆ ಅವನ ಬಲಗಾಲು ನೆಲ ಒತ್ತುತ್ತದೆ. ಅವನ ಹೆಂಡತಿ ಪುಷ್ಪಮ್ಮ ಅತ್ತಿಗೆ ಅದನ್ನು ನೋಡಿ, "ಬ್ರೇಕ್ ಬಿಡಿ ಮಾರಾಯ್ರೆ, ಇದು ಅಡಿಗೆಮನೆ" ಎಂದು ನಗುತ್ತಿದ್ದಳು. ಅವರ ಮಗ ದುರ್ಗೇಶ ಇದ್ದಾಗಿನ ಮಾತು ಅದು.

ದುರ್ಗೇಶ ಒಬ್ಬನೇ ಮಗ, ಸೈನ್ಯದಲ್ಲಿದ್ದ. ಕೊನೆಯ ಸಲ ರಜೆ ಮುಗಿಸಿ ಹೊರಟಾಗ ಅತ್ತಿಗೆ ಸಂತೆಯಿಂದ ತಂದ ಕರಿಕಂಬಳಿಯನ್ನು ಅವನ ಚೀಲಕ್ಕೆ ತುರುಕಿದ್ದಳು. "ಅಲ್ಲಿ ಎಲ್ಲ ಕೊಡ್ತಾರೆ ಕಣಮ್ಮ, ಇದು ಸುಮ್ನೆ ಭಾರ" ಎಂದು ಅವನು ಅದನ್ನು ತೆಗೆದು ಮಂಚದ ಮೇಲಿಟ್ಟು ಹೋದ. ಆ ಚಳಿಗಾಲದಲ್ಲೇ ಗಡಿಯಲ್ಲಿ ಅವರ ಠಾಣೆಯ ಮೇಲೆ ಹಿಮ ಕುಸಿಯಿತು. ಹುಡುಗ ಪೆಟ್ಟಿಗೆಯಲ್ಲಿ ಬಂದ. ಶಾಲೆಯ ಮಕ್ಕಳು ಬಾವುಟ ಹಿಡಿದು ನಿಂತರು, ಊರಿಗೆ ಊರೇ ಅತ್ತಿತು, ಆಮೇಲೆ ಎಲ್ಲರೂ ಅವರವರ ಮನೆಗೆ ಹೋದರು.

ಪೆಟ್ಟಿಗೆಯ ಜೊತೆ ಬಂದಿದ್ದ ಅಧಿಕಾರಿಯ ಎದುರು ನಿಂತು ಅತ್ತಿಗೆ ಕೇಳಿದ್ದು ಒಂದೇ ಮಾತು. "ನನ್ನ ಮಗನಿಗೆ ಚಳಿ ಆಗಿತ್ತಾ?"

ಯಾರೋ ಅದನ್ನು ಹಿಂದಿಯಲ್ಲಿ ಹೇಳಿದರು. ಅಧಿಕಾರಿ ಟೋಪಿ ತೆಗೆದು, ಮಗನಿಗೆ ನೋವು ಗೊತ್ತಾಗಲಿಲ್ಲ ತಾಯಿ, ಎಂದರು.

"ನೋವು ಯಾರು ಕೇಳಿದ್ರು? ನಾನು ಕೇಳಿದ್ದು ಚಳಿ" ಎಂದಳು ಅತ್ತಿಗೆ.

ಅವತ್ತಿನಿಂದ ಅವಳು ಹೊದೆಯುವುದನ್ನೇ ಬಿಟ್ಟಳು. ನಮ್ಮ ಕಡೆ ಪುಷ್ಯ, ಮಾಘದ ಚಳಿಗೆ ನಾಯಿಯೂ ಒಲೆಯ ಬೂದಿ ಹುಡುಕಿಕೊಂಡು ಹೋಗುತ್ತದೆ. ಇವಳು ಬರೀ ಸೀರೆಯಲ್ಲಿ ಬರೀ ನೆಲದ ಮೇಲೆ ಮಲಗುವಳು. ಭೂತಣ್ಣ ಹೊದೆಸಿದರೆ ಕಿತ್ತೆಸೆಯುವಳು. "ನನ್ನ ಮಗ ಹಂಗೆ ಮಲಗಿದ್ದಾಗ ನಾನು ಬೆಚ್ಚಗೆ ಮಲಗ್ಲಾ?" ಎಂದು ಕೇಳುವಳು. ಎರಡು ಚಳಿಗಾಲ ಹೀಗೇ ಕಳೆಯಿತು. ಕೆಮ್ಮು ಎದೆಗಿಳಿಯಿತು. ಇನ್ನೊಂದು ಚಳಿಗಾಲ ಹೀಗೆ ಮಲಗಿದರೆ ಈ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರು ಭೂತಣ್ಣನನ್ನು ಹೊರಗೆ ಕರೆದು ಹೇಳಿದರು.

ನಮ್ಮ ಬಸ್ಸಿನ ಟಾಪಿನ ಮೇಲೆ ಕುಂದಾಪುರದಿಂದ ಮೀನಿನ ಪೆಟ್ಟಿಗೆಗಳು ಬರುತ್ತವೆ, ತುಂಬ ಐಸು ಹಾಕಿ. ಒಂದು ದಿನ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಇಳಿಸಿ ನಾನು ಮೀನಿನವನ ಜೊತೆ ಜಗಳಕ್ಕೆ ನಿಂತಿದ್ದೆ. ಗಂಡನಿಗೆ ಬುತ್ತಿ ತಂದಿದ್ದ ಅತ್ತಿಗೆ ಪೆಟ್ಟಿಗೆಯ ಮುಚ್ಚಳ ಸರಿಸಿ ಮೊಣಕೈವರೆಗೂ ಕೈ ಹೂತು ಕೂತಿದ್ದಳು. ಮೊದಲು ಮೀನು ಆರಿಸುತ್ತಿದ್ದಾಳೆ ಅಂದುಕೊಂಡೆ. ಜಗಳ ಮುಗಿಸಿ ತಿರುಗಿದರೆ ಅವಳು ಹಾಗೇ ಕೂತಿದ್ದಾಳೆ, ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು.

"ಎಂತ ಮಾಡ್ತಿದೀಯ ಅತ್ತಿಗೆ!" ಎಂದು ಕೂಗಿ ಕೈ ಎಳೆದೆ. ಕೈ ಕೆಂಪಗಾಗಿ ಮರಗಟ್ಟಿತ್ತು.

"ಬಿಡೋ ಕೆರಿಯಪ್ಪ. ಎಷ್ಟು ಹೊತ್ತಿಗೆ ಗೊತ್ತಾಗದಂಗೆ ಆಗ್ತದೆ ಅಂತ ನೋಡ್ತಿದ್ದೆ" ಎಂದಳು.

ಭೂತಣ್ಣ ಸ್ಟೇರಿಂಗ್ ಹಿಂದೆ ಕೂತು ಎಲ್ಲ ನೋಡುತ್ತಿದ್ದ.

ತೀರ್ಥಹಳ್ಳಿಯ ಸುಂದರೇಶ ಮೇಷ್ಟ್ರು ಕಾಲೇಜಿನಲ್ಲಿ ಪಾಠ ಹೇಳುವವರು. ಪ್ರತಿ ಚಳಿಗಾಲ ತಂಡ ಕಟ್ಟಿಕೊಂಡು ಮನಾಲಿಗೆ ಹೋಗಿ, ಒಂದು ವಾರ ಹಿಮದಲ್ಲಿ ವ್ಯಾಯಾಮ ಮಾಡಿ, ಕಾಲಿಗೆ ಹಲಗೆ ಕಟ್ಟಿ ಜಾರುವ ಸ್ಕೀ ಕಲಿತು ಬರುತ್ತಾರೆ. ಮಾಸ್ತಿಕಟ್ಟೆಗೆ ಬಂದು ಹತ್ತುವ ಅವರನ್ನು ಕುಂದಾಪುರ ರೈಲು ಸ್ಟೇಷನ್ನಿಗೆ ಬಿಡುವುದು ನಮ್ಮ ಬಸ್ಸೇ. ಆ ಸಲ ಭೂತಣ್ಣ ಅವರನ್ನು ಹುಡುಕಿಕೊಂಡು ಹೋಗಿ, "ನಾನೂ ಬರ್ತೀನಿ ಸಾರ್" ಎಂದ. ಯಾಕೆಂದು ಹೇಳಲಿಲ್ಲ. ರಿಟೈರಾಗುವ ವಯಸ್ಸಿನಲ್ಲಿ ಇವನಿಗೆ ಮಂಗಾಟ ಹಿಡಿದಿದೆ ಎಂದು ಸ್ಟ್ಯಾಂಡಿನಲ್ಲೆಲ್ಲ ನಕ್ಕರು. ನಾನೂ ಬೈದೆ. ಆಗ ಅವನು ನಿಜ ಹೇಳಿದ. ಹೆಂಡತಿಯ ಹತ್ತಿರ ಮಾತು ತೆಗೆದುಕೊಂಡಿದ್ದನಂತೆ. ಹಿಮದಲ್ಲಿ ಮಲಗಿ ನೋಡಿ ಬರ್ತೀನಿ, ಚಳಿಯೇ ಗೊತ್ತಾಗಲ್ಲ ಅಂತಾದರೆ ಹೊದೀತೀಯಾ, ಎಂದು.

"ಹೊದೀತೀನಿ" ಅಂದಿದ್ದಳಂತೆ ಅತ್ತಿಗೆ. "ಆದ್ರೆ ನಿಮ್ಮ ಮೈಗೆ ಗೊತ್ತಾಗಿದ್ದೇ ಹೇಳ್ಬೇಕು. ಅವರಿವರು ಹೇಳಿದ್ದು ನಂಗೆ ಬೇಡ."

ಇದನ್ನು ಕೇಳಿದ ಮೇಲೆ ಅವನನ್ನು ಒಬ್ಬನೇ ಕಳಿಸಲು ನನಗೇನು ತಲೆ ಕೆಟ್ಟಿದೆಯಾ? ನಾನೂ ಹೊರಟೆ. ಇಬ್ಬರೂ ಹೋದರೆ ಬಸ್ಸು ಯಾರು ಓಡಿಸುವುದು ಎಂದು ಮಾಲೀಕರು ಹಾರಾಡಿದರು. ಹಾರಾಡಲಿ.

ಮೊದಲ ಬೆಳಿಗ್ಗೆ ನಮ್ಮನ್ನೆಲ್ಲ ಹಿಮದ ಮೇಲೆ ಸಾಲಾಗಿ ನಿಲ್ಲಿಸಿದರು. ಕುಣಿ, ಬಾಗು, ಕೈ ತಿರುಗಿಸು, ನಿಂತಲ್ಲೇ ಓಡು. ಉಸಿರು ಬಿಟ್ಟರೆ ಹೊಗೆ. ನನ್ನ ಮೂಗು ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಂಡೆ. ಭೂತಣ್ಣ ಮಂಗನ ಟೋಪಿ ಹಾಕಿಕೊಂಡು ಡ್ರಿಲ್ ಮಾಸ್ತರರಿಗೆ ಹೆದರಿದ ಮಗುವಿನ ಹಾಗೆ ಹೇಳಿದ್ದನ್ನೆಲ್ಲ ಮಾಡಿದ. ಆಮೇಲೆ ಕಬ್ಬಿಣದಂಥ ಬೂಟು ತೊಡಿಸಿ, ಉದ್ದನೆಯ ಹಲಗೆಗಳನ್ನು ಅದಕ್ಕೆ ಸಿಕ್ಕಿಸಿ, ಕೈಗೆ ಎರಡು ಕೋಲು ಕೊಟ್ಟರು. ಕಲಿಸುವವನು ಅಲ್ಲಿನ ಗುಡ್ಡಗಾಡಿನ ಯುವಕ, ಎಲ್ಲರೂ ಅವನನ್ನು ಠಾಕುರ್ ಎನ್ನುತ್ತಿದ್ದರು. ಅವನು ಹೇಳಿದ್ದನ್ನು ಮೇಷ್ಟ್ರು ಕನ್ನಡಕ್ಕೆ ತರುತ್ತಿದ್ದರು. ಹಲಗೆಗಳ ಮುಂದಿನ ತುದಿ ಹತ್ತಿರ ತನ್ನಿ, ಹಿಂದಿನ ತುದಿ ಅಗಲಿಸಿ, ಎರಡೂ ಹಿಮ್ಮಡಿಯನ್ನು ಒಂದೇ ಸಮ ಹೊರಕ್ಕೆ ಒತ್ತಿ, ವೇಗ ತಾನೇ ಇಳಿಯುತ್ತದೆ.

ಒಂದೇ ಸಮ ಒತ್ತುವುದು ಭೂತಣ್ಣನಿಂದ ಆಗಲೇ ಇಲ್ಲ. ಇಳಿಜಾರು ಕಂಡೊಡನೆ ಅವನ ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಬಲಗಾಲು ಒತ್ತಿದರೆ ಹಲಗೆ ಎಡಕ್ಕೆ ತಿರುಗುತ್ತದೆ. ಎಡಕ್ಕೆ ಒಂದು ಚಹಾದಂಗಡಿ ಇತ್ತು. ಎಲ್ಲಿಂದ ಹೊರಟರೂ ಭೂತಣ್ಣ ಅಲ್ಲಿಗೇ ಹೋಗಿ ಬೀಳುತ್ತಿದ್ದ. ಮಾರನೆಯ ದಿನದಿಂದ ಅಂಗಡಿಯವನು ಇವನು ಬರುವುದು ಕಂಡರೆ ಬೆಂಚು ಎತ್ತಿ ಒಳಗಿಡುತ್ತಿದ್ದ. ನಾನು ಅಭ್ಯಾಸಬಲದಿಂದ ಜೇಬಿನಲ್ಲಿದ್ದ ವಿಸಿಲ್ ತೆಗೆದು ಒಂದು ಊದುತ್ತಿದ್ದೆ. ಊದಿದ ಕೂಡಲೇ ಅವನ ಬಲಗಾಲು ಇನ್ನೂ ಒತ್ತುತ್ತಿತ್ತು, ಇನ್ನೂ ಎಡಕ್ಕೆ ಹೋಗುತ್ತಿದ್ದ. ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೇನು ಕಡಿಮೆ ಬಿದ್ದವನಲ್ಲ, ಆದರೆ ನಾನು ಬಿದ್ದಲ್ಲೇ ಹಿಮವನ್ನು, ಹಲಗೆಯನ್ನು, ಮೇಷ್ಟ್ರ ವಂಶವನ್ನು ಸೇರಿಸಿ ಬೈಯುತ್ತಿದ್ದೆನಾದ್ದರಿಂದ ನಗಲು ಯಾರಿಗೂ ಧೈರ್ಯ ಬರಲಿಲ್ಲ.

ಆ ವಾರದ ನಡುವೆ ಒಂದು ದಿನ ಅವನು ನನ್ನ ಪಕ್ಕ ನಿಂತು, "ಕೆರಿಯ, ಇದು ಬ್ರೇಕಲ್ಲ ಕಣೋ. ಇದು ಗೇರು. ಬ್ರೇಕ್ ಮರೆತು ಗೇರಲ್ಲಿ ಇಳಿಸ್ಬೇಕು" ಎಂದ. ನಾನು ಎರಡು ವಿಸಿಲ್ ಊದಿದೆ. ಹೊರಟ. ಮೊಣಕಾಲು ಬಗ್ಗಿಸಿ, ಹಿಮ್ಮಡಿ ಅಗಲಿಸಿ, ಬಿಸಿಲಿಗೆ ಹೊಳೆಯುವ ಆ ಇಳಿಜಾರಿನಲ್ಲಿ ಮೆಲ್ಲಗೆ, ನೆಟ್ಟಗೆ, ಚಹಾದಂಗಡಿಯನ್ನು ದಾಟಿ ಕೆಳಗಿನವರೆಗೂ ಇಳಿದ. ಬೀಳಲಿಲ್ಲ. ಠಾಕುರ್ ಚಪ್ಪಾಳೆ ಹೊಡೆದ. ಭೂತಣ್ಣ ಕೋಲುಗಳನ್ನು ಮೇಲೆತ್ತಿ ಬಾಯ್ತುಂಬ ನಕ್ಕ. ಎರಡು ವರ್ಷದಿಂದ ಆ ನಗು ನಾನು ಕಂಡಿರಲಿಲ್ಲ, ನನಗೆ ಎಷ್ಟು ಖುಷಿಯಾಯಿತೆಂದರೆ ಓಡಲು ಹೋಗಿ ಮತ್ತೆ ಬಿದ್ದೆ.

ಎದ್ದು ಹತ್ತಿರ ಹೋದರೆ ಅವನು ಹಿಮದಲ್ಲಿ ಕುಕ್ಕರಿಸಿ ಅಳುತ್ತಿದ್ದ.

"ನಕ್ಕುಬಿಟ್ನಲ್ಲೋ ಕೆರಿಯ. ನನ್ನ ಮಗನ್ನ ನುಂಗಿದ್ದು ಇದೇ ಅಲ್ವೇನೋ. ಇದ್ರ ಮೇಲೆ ನಿಂತು ಹಲ್ಲು ಬಿಟ್ನಲ್ಲೋ."

ನಾನು ಅವನ ಬೆನ್ನ ಮೇಲಿನ ಹಿಮ ಕೊಡವಿದೆ, ಅಷ್ಟೇ.

ಕೊನೆಯ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಬಂದರು, ಭೂತಣ್ಣ ಬರಲಿಲ್ಲ. ಹುಡುಕಿಕೊಂಡು ಓಡಿದೆ. ಚಹಾದಂಗಡಿಯ ಹಿಂದೆ ದೇವದಾರು ಮರಗಳ ನಡುವೆ, ಹಿಮ ಸೊಂಟದವರೆಗೆ ಬಿದ್ದ ಕಡೆ ಅವನ ಜಾಕೆಟ್ಟು, ಟೋಪಿ, ಕೈಗವಸು ಮಡಿಸಿಟ್ಟಿದ್ದವು. ಪಕ್ಕದಲ್ಲಿ ಅವನು ಅಂಗಾತ ಮಲಗಿದ್ದ. ಎದೆಯ ಮೇಲೆ, ಕೈಗಳ ಮೇಲೆ ತಾನೇ ಹಿಮ ಎಳೆದುಕೊಂಡಿದ್ದ. ಕಣ್ಣು ಮುಚ್ಚಿತ್ತು. ನಾನು ಎರಡು ವಿಸಿಲ್ ಊದಿದೆ. ಅಲ್ಲಾಡಲಿಲ್ಲ. ಮತ್ತೆ ಎರಡು ಊದಿದೆ. ಊದುತ್ತ ಊದುತ್ತ ಅಳು ಬಂದು ವಿಸಿಲ್ಲಿನಿಂದ ಸದ್ದೇ ಹೊರಡಲಿಲ್ಲ. ಠಾಕುರ್ ಓಡಿಬಂದ, ಇಬ್ಬರೂ ಸೇರಿ ಎಳೆದು ಎತ್ತಿದೆವು.

ಬೆರಳುಗಳು ಸುಣ್ಣದಂತೆ ಬಿಳಿಚಿದ್ದವು. ಉಗುರುಬೆಚ್ಚಗಿನ ನೀರಿಗೆ ಕೈ ಅದ್ದಿಸಿ ಸ್ವಲ್ಪ ಹೊತ್ತಾದ ಮೇಲೆ ಆ ಗಂಡಸು ಕೂಗಿದ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಮೇಷ್ಟ್ರು ಗಾಬರಿಯಾಗಿ ಬೈದರು, ಆಮೇಲೆ ನನ್ನಿಂದ ಕಾರಣ ಕೇಳಿ ಹೊರಗೆ ಹೋಗಿ ನಿಂತುಕೊಂಡರು.

"ಸುಡ್ತದೆ ಕೆರಿಯ" ಎಂದ ಭೂತಣ್ಣ. "ಚಳಿ ಅಂದ್ರೆ ಇಷ್ಟು ಸುಡ್ತದೆ ಅಂತ ಗೊತ್ತಿರ್ಲಿಲ್ಲ. ಅವನಿಗೆ ಎಲ್ಲ ಗೊತ್ತಾಗಿದೆ ಕಣೋ. ಎಲ್ಲ ಗೊತ್ತಾಗಿದೆ." ಆಮೇಲೆ, "ಅವಳಿಗೆ ಹೇಳ್ಬೇಡ. ನಿದ್ದೆ ಬಂದಂಗೆ ಆಗ್ತದೆ ಅಂತ ಹೇಳುವ. ಇಬ್ರೂ ಅದನ್ನೇ ಹೇಳುವ" ಎಂದ. ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆವು.

ಹೊಸನಗರ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಅತ್ತಿಗೆ ಬಾಗಿಲಲ್ಲೇ ಕೂತಿದ್ದಳು. ಹೇಗಿದ್ದೀರಿ ಎನ್ನಲಿಲ್ಲ, ನೀರು ಕೊಡಲಿಲ್ಲ.

"ಚಳಿ ಆಯ್ತಾ?" ಎಂದಳು.

"ಮೊದ್ಲು ಸ್ವಲ್ಪ. ಆಮೇಲೆ ಏನೂ ಗೊತ್ತಾಗಲ್ಲ ಪುಷ್ಪ. ಹತ್ತಿ ಮೇಲೆ ಮಲಗಿದಂಗೆ. ನಿದ್ದೆ ಬರ್ತದೆ ಅಷ್ಟೆ."

ಅವಳು ನನ್ನ ಕಡೆ ತಿರುಗಿದಳು. "ಕೆರಿಯಪ್ಪ, ನೀನು ಹೇಳು."

ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನಿಂತು "ಸೀಟ್ ಖಾಲಿ, ಬನ್ನಿ ಬನ್ನಿ" ಎಂದು ಕೂಗುವ ಬಾಯಿ ನನ್ನದು. "ಹೌದು ಅತ್ತಿಗೆ, ನಿದ್ದೆ ಬಂದಂಗೇ" ಎಂದೆ.

"ಹಂಗಾದ್ರೆ ಸರಿ" ಎಂದು ಅವಳು ಉಸಿರು ಬಿಟ್ಟು ಒಳಗೆ ಹೋಗಿ ಬಡಿಸಿದಳು. ಗೆದ್ದೆವು ಎಂದುಕೊಂಡೆ. ಭೂತಣ್ಣ ತಟ್ಟೆಗೆ ಕೈ ಹಾಕಿದ. ಬಿಸಿ ಅನ್ನ, ಬಿಸಿ ಸಾರು. ಮುಟ್ಟಿದ್ದೇ ತಡ, ಕೈಯನ್ನು ಸರಕ್ಕನೆ ಹಿಂದೆ ಎಳೆದುಕೊಂಡ. ಅವನ ಬಲಗಾಲು ನೆಲ ಒತ್ತಿತು.

ಅತ್ತಿಗೆ ಸೌಟು ಕೆಳಗಿಟ್ಟು ಆ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳ ತುದಿಗಳ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು. ಒಂದೊಂದೇ ಬೆರಳನ್ನು ನೋಡಿದಳು.

"ಎಷ್ಟು ಹೊತ್ತು ಮಲಗಿದ್ರಿ?"

ಭೂತಣ್ಣ ತಲೆ ತಗ್ಗಿಸಿದ.

ಅವಳು ಅಳಲಿಲ್ಲ. ಒಳಗಿನ ಕೋಣೆಯ ಟ್ರಂಕು ತೆಗೆದ ಸದ್ದಾಯಿತು. ದುರ್ಗೇಶ ಬಿಟ್ಟುಹೋಗಿದ್ದ ಆ ಕರಿಕಂಬಳಿಯನ್ನು ತಂದಳು. "ಮಲಗಿ" ಎಂದಳು.

"ಸೆಕೆ ಕಣೆ, ಈ ಬಿಸಿಲಲ್ಲಿ..."

"ಮಲಗಿ ಅಂದ್ನಲ್ಲ. ಅವನಿಗಂತೂ ಹೊದೆಸೋಕೆ ಆಗ್ಲಿಲ್ಲ. ನೀವಾದ್ರೂ ಸಿಕ್ಕಿದ್ರಲ್ಲ."

ಊಟ ಅಲ್ಲೇ ಬಿಟ್ಟು ಅವನು ಚಾಪೆಯ ಮೇಲೆ ಮಲಗಿದ. ಅವಳು ಕುತ್ತಿಗೆಯವರೆಗೆ ಎಳೆದು ಹೊದೆಸಿ, ಮಕ್ಕಳಿಗೆ ಮಾಡುವ ಹಾಗೆ ಪಾದದ ಕೆಳಗೆ ಕಂಬಳಿ ಮಡಚಿ ಸಿಕ್ಕಿಸಿದಳು.

"ಬೆಚ್ಚಗಾಯ್ತಾ?"

"ಆಯ್ತು."

"ಈಗ ನಿಜ ಹೇಳಿ."

"ನಿಜವಾಗ್ಲೂ ಆಯ್ತು ಮಾರಾಯ್ತಿ" ಎಂದ ಭೂತಣ್ಣ. ಹಣೆಯಿಂದ ಬೆವರು ಕಿವಿಗೆ ಇಳಿಯುತ್ತಿತ್ತು, ಅದರ ಜೊತೆ ಕಣ್ಣೀರೂ. ಅವನು ಕಂಬಳಿ ಸರಿಸಲಿಲ್ಲ.

ಆಗ ಅವಳಿಗೆ ಅಳು ಬಂತು. ಎರಡು ವರ್ಷದ್ದು ಒಟ್ಟಿಗೇ ಬಂತು. ಕೆಮ್ಮು, ಅಳು ಎರಡೂ ಸೇರಿ ಅವಳು ಗಂಡನ ಪಕ್ಕ ನೆಲಕ್ಕೆ ಕುಸಿದು ಕೂತಳು. ನಾನು ಸದ್ದು ಮಾಡದೆ ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡೆ. ತಿರುಗಿ ನೋಡಿದಾಗ ಕಂಬಳಿಯ ಒಂದು ಅಂಚು ಅವಳ ಮೊಣಕಾಲ ಮೇಲೆ ಬಿದ್ದಿತ್ತು. ಅವಳು ಅದನ್ನು ಕಿತ್ತೆಸೆಯಲಿಲ್ಲ.