ಮೇಟಿಗೆ ಕಟ್ಟಿದ ಬಲೂನು

ಬೂವನಹಳ್ಳಿಯ ಬೋರಪ್ಪನಿಗೆ ಎತ್ತರವೆಂದರೆ ಭಯ. ಅಟ್ಟದ ಮೇಲಿನ ಹುರುಳಿ ಮೂಟೆ ಇಳಿಸುವುದಕ್ಕೂ ಹೆಂಡತಿ ದೊಡ್ಡತಾಯಮ್ಮನೇ ಏಣಿ ಹತ್ತಬೇಕು. ಈ ಗುಟ್ಟು ಅವಳೊಬ್ಬಳಿಗೇ ಗೊತ್ತಿತ್ತು. ಅಂಥವನಿಗೆ ಸಿಕ್ಕಿದ್ದು ಬಲೂನಿನ ಕೆಲಸ.

ಜನರನ್ನು ಬುಟ್ಟಿಯಲ್ಲಿ ಹೊತ್ತು ಹಾರುವ ಆ ಬಿಸಿಗಾಳಿ ಬಲೂನು ಗೌರೀಶಂಕರ ಅನ್ನುವವರದು. ಬೆಂಗಳೂರಿನ ಭಾರಿ ಶ್ರೀಮಂತರು. ಚನ್ನರಾಯಪಟ್ಟಣದ ರಸ್ತೆಯಲ್ಲಿ ಅವರಿಗೊಂದು ತೋಟದ ಮನೆ. ಚಳಿಗಾಲ ಬಂತೆಂದರೆ ಅವರ ಸ್ನೇಹಿತರು ಹೆಲಿಕಾಪ್ಟರಿನಲ್ಲಿ ಬಂದಿಳಿದು, ಮಾರನೆಯ ಬೆಳಿಗ್ಗೆ ಬಲೂನು ಹತ್ತುತ್ತಿದ್ದರು. ಅಷ್ಟು ಬೇಗ ಬಂದು ಇಷ್ಟು ನಿಧಾನವಾಗಿ ಹೋಗುವುದು ಯಾಕೆ ಎಂದು ದೊಡ್ಡತಾಯಮ್ಮನಿಗೆ ಕೊನೆಗೂ ಅರ್ಥವಾಗಲಿಲ್ಲ. ಒಬ್ಬರು ಹೆಂಡತಿಯ ಹುಟ್ಟುಹಬ್ಬದ ಕೇಕನ್ನು ಮೋಡದ ಪಕ್ಕದಲ್ಲೇ ಕತ್ತರಿಸಬೇಕೆಂದು ಹಟ ಹಿಡಿದಿದ್ದರಂತೆ. ಇನ್ನೊಬ್ಬರು ಸ್ವೆಟರ್ ಹಾಕಿದ ನಾಯಿಯನ್ನೂ ಹತ್ತಿಸಿದ್ದರು.

"ನಾಯ್ಗೆ ಭಯ ಇಲ್ಲ ಕಣೆ, ನಂಗೈತೆ" ಎಂದು ಬೋರಪ್ಪ ಮನೆಗೆ ಬಂದು ನಗುತ್ತಿದ್ದ.

ಬಲೂನು ಗಾಳಿ ಹೋದ ಕಡೆ ಹೋಗುತ್ತದೆ. ಯಾರ ಹೊಲದಲ್ಲಿ ಇಳಿಯುತ್ತದೋ ಹೇಳಲಾಗದು. ಕೆಳಗೆ ಪಿಕಪ್ ಗಾಡಿ ಓಡಿಸಿಕೊಂಡು, ಕತ್ತೆತ್ತಿ ನೋಡಿಕೊಂಡು, ಅದು ಇಳಿಯುವ ಹೊತ್ತಿಗೆ ಅಲ್ಲಿರುವುದು ಬೋರಪ್ಪನ ಕೆಲಸ. ಆಮೇಲೆ ಬುಟ್ಟಿ, ಬಟ್ಟೆ, ಜನ ಎಲ್ಲವನ್ನೂ ತುಂಬಿಕೊಂಡು ಬರಬೇಕು. ಇಪ್ಪತ್ತು ವರ್ಷ ಆಲೂಗೆಡ್ಡೆ ಮೂಟೆಗಳನ್ನು ಹಾಸನದ ಮಂಡಿಗೆ ಸಾಗಿಸಿದವನು. ಯಾವ ಹೊಲ ಯಾರದು, ಯಾವ ಓಣಿಯಲ್ಲಿ ಗಾಡಿ ಹೂತುಹೋಗುತ್ತದೆ, ಎಲ್ಲ ಬಾಯಿಪಾಠ.

ಅವನದೊಂದು ಕ್ರಮವಿತ್ತು. ಪ್ರತಿ ವರ್ಷ ಹಾರಾಟ ಶುರುವಾಗುವ ಮುಂಚೆ ಊರೂರಿಗೆ ಹೋಗಿ, ಮದುವೆಗೆ ಕರೆಯುವ ಹಾಗೆ ಮನೆಮನೆಗೂ ಎಲೆ ಅಡಿಕೆ ಕೊಡುತ್ತಿದ್ದ. "ಆಕಾಸ್ದಿಂದ ನೆಂಟ್ರು ಬಂದ್ರೆ ಬಯ್ಬ್ಯಾಡಿ ಕಣವ್ವ" ಅನ್ನುತ್ತಿದ್ದ. ಕೈಯಾರೆ ಎಲೆ ಅಡಿಕೆ ತೆಗೆದುಕೊಂಡ ಮೇಲೆ ಜಗಳಕ್ಕೆ ಬರುವವರು ಯಾರು? ಆರು ವರ್ಷ ಒಂದು ಮಾತು ಬರಲಿಲ್ಲ.

ಏಳನೆಯ ವರ್ಷ ತಪ್ಪಿದ. ಕೊರವಂಗಲದ ಹತ್ತಿರ ನೀಲಗಂಗಮ್ಮನ ಮನೆಗೆ ಬೀಗ ಹಾಕಿತ್ತು. ಮುದುಕಿ ಅರಕಲಗೂಡಿನ ಮಗಳ ಮನೆಗೆ ಹೋಗಿದ್ದಳು. ಬೋರಪ್ಪ ಎಲೆ ಅಡಿಕೆಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮುಂದಿನ ಮನೆಗೆ ಹೋದ.

ಪುಷ್ಯದ ಒಂದು ಬೆಳಿಗ್ಗೆ ಗಾಳಿ ಬಲೂನನ್ನು ಆ ಕಡೆಗೇ ತಳ್ಳಿತು. ಆವತ್ತು ದೊಡ್ಡತಾಯಮ್ಮನೂ ಗಾಡಿಯಲ್ಲಿದ್ದಳು. ಹಾಸನದಲ್ಲಿ ಕಣ್ಣು ತೋರಿಸಬೇಕಿತ್ತು. ಬಲೂನು ಇಳಿಸಿ ಹೋಗೋಣ ಎಂದಿದ್ದ.

ಮಗಳ ಮನೆಯಿಂದ ವಾಪಸು ಬಂದಿದ್ದ ನೀಲಗಂಗಮ್ಮನ ಕಣದಲ್ಲಿ ರಾಗಿ ರಾಶಿಯ ದಿನ. ಸಗಣಿಯಲ್ಲಿ ಸಾರಿಸಿದ ಕಣ, ನಡುವೆ ಎತ್ತು ಕಟ್ಟಿ ತೆನೆ ತುಳಿಸುವ ಮೇಟಿ ಕಂಬ, ಪಕ್ಕದಲ್ಲಿ ತೂರಿದ ರಾಗಿಯ ಗುಡ್ಡೆ. ಆ ಕಣಕ್ಕೆ ಮನೆಯವರೂ ಮೆಟ್ಟು ಬಿಟ್ಟೇ ಬರಬೇಕು. ಬಲೂನಿನ ಬುಟ್ಟಿ ಅದರ ಅಂಚಿನಲ್ಲೇ ಕೂತಿತು. ಗೌರೀಶಂಕರ ಬೂಟುಗಾಲಿನಲ್ಲಿ ಕಣದ ಮೇಲೆ ಧುಮುಕಿ "ಗುಡ್ ಮಾರ್ನಿಂಗ್" ಅಂದರು.

ಪಿಕಪ್ ಬರುವಷ್ಟರಲ್ಲಿ ನೀಲಗಂಗಮ್ಮ ಬಲೂನಿನ ಹಗ್ಗವನ್ನು ಮೇಟಿಗೆ ಕಟ್ಟಿಯಾಗಿತ್ತು. ಎಮ್ಮೆ ಕಟ್ಟುವ ಹಾಗೆ, ಎರಡು ಸುತ್ತು.

"ಬಾರ್ಲಾ ಬೋರ. ನಿನ್ ನೆಂಟ್ರೇನ್ಲಾ ಇವ್ರು?"

"ಊಂ ಕಣವ್ವ. ಎಲೆ ಅಡಿಕೆ ಕೊಟ್ಟಿದ್ನಲ್ಲ..."

"ಯಾರ್ ಕೈಗ್ ಕೊಟ್ಟೆ? ಚಿಲ್ಕುಕ್ ಕೊಟ್ಟೆ. ಮೇಕೆ ತಿಂತು. ಓಗು, ಮೇಕೆ ಕೇಳ್ಕಂಡ್ ಬಂದು ಇಳೀರಿ."

ಸೇರಿದ ಜನ ನಕ್ಕರು. ಬೋರಪ್ಪ ನಗಲಿಲ್ಲ. ಚಿಲಕಕ್ಕೆ ಸಿಕ್ಕಿಸಿ ಹೋದ ಅನ್ನುವ ಮಾತು ಸಂಜೆಯೊಳಗೆ ನಾಲ್ಕೂರು ಮುಟ್ಟುತ್ತದೆ. ಆಮೇಲೆ ಅವನ ಎಲೆ ಅಡಿಕೆಯನ್ನು ಯಾರು ಈಸಿಕೊಳ್ಳುತ್ತಾರೆ?

ಗೌರೀಶಂಕರ ಜೇಬಿಗೆ ಕೈ ಹಾಕಿದರು. ಬೋರಪ್ಪ ಆ ಕೈ ಹಿಡಿದುಕೊಂಡ.

"ಬ್ಯಾಡಿ ಸಾ. ಮೊದ್ಲು ಬೂಟ್ ಬಿಚ್ಚಿ."

ಬಿಚ್ಚಿದರು. ಅವರ ಇಬ್ಬರು ಸ್ನೇಹಿತರೂ ಬಿಚ್ಚಿ ಪಕ್ಕಕ್ಕೆ ನಿಂತರು.

"ತಪ್ಪು ನಂದು ಕಣವ್ವ" ಎಂದ ಬೋರಪ್ಪ. "ಏನ್ ಮಾಡ್ಬೇಕು ಯೋಳು."

ನೀಲಗಂಗಮ್ಮ ಬಲೂನನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಅವ್ರು ನನ್ ಕಣ ತುಳುದ್ರು. ನಾನು ಅವ್ರ ಬುಟ್ಟಿ ತುಳೀತೀನಿ. ಮ್ಯಾಲಕ್ಕೆ ಕರ್ಕಂಡೋಗ್ಲಿ. ನೀನೂ ಬಾ. ಗುರ್ತಿಲ್ದೋರ್ ಜೊತೆ ಒಬ್ಳೇ ಓಗಾಕಿಲ್ಲ ನಾನು."

"ನಾನ್ಯಾಕವ್ವ? ಗಾಡಿ ಯಾರ್ ನೋಡ್ಕಳಾದು?"

"ಗಾಡಿಗೇನ್ ರೆಕ್ಕೆ ಬತ್ತದಾ?"

ದೊಡ್ಡತಾಯಮ್ಮ ಗಂಡನ ಮುಖ ನೋಡಿದಳು. ಆ ಚಳಿಯಲ್ಲೂ ಬೆವರಿತ್ತು. ಇವರಿಗೆ ಭಯ ಎಂದು ಅವಳು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಬೋರಪ್ಪ ಬೇಡವೆಂದು ತಲೆಯಾಡಿಸಿದ.

ಮೇಟಿಯೊಂದೇ ಸಾಲದು ಎಂದು ಗೌರೀಶಂಕರ ಇನ್ನೆರಡು ಹಗ್ಗ ತೆಗೆದರು. ಒಂದನ್ನು ಪಕ್ಕದ ಹೊಲದ ಟ್ರ್ಯಾಕ್ಟರಿಗೆ, ಇನ್ನೊಂದನ್ನು ಪಿಕಪ್ಪಿಗೆ ಕಟ್ಟಿಸಿದರು.

"ನೀನ್ ಗಾಡೀಲಿ ಕೂತ್ಕ. ತೂಕ ಇರ್ಲಿ" ಎಂದು ಬೋರಪ್ಪ ಹೆಂಡತಿಗೆ ಹೇಳಿ ಮುದುಕಿಯ ಹಿಂದೆ ಬುಟ್ಟಿ ಹತ್ತಿದ.

ಅವಳ ತೂಕ ಎಷ್ಟು ಮಹಾ. ಆದರೂ ಕೂತಳು.

ಬುಟ್ಟಿಯಲ್ಲಿದ್ದ ಗೌರೀಶಂಕರ ಹಿಡಿ ಎಳೆದರು, ಬೆಂಕಿ ಭುಸ್ಸೆಂದಿತು. ಬುಟ್ಟಿ ಎದ್ದು, ತೆಂಗಿನ ಮರದೆತ್ತರಕ್ಕೆ ಹೋಗಿ, ಹಗ್ಗ ಬಿಗಿದು ನಿಂತಿತು. ಗಾಡಿ ಒಂದು ಸಲ ಜಗ್ಗಿತು. ದೊಡ್ಡತಾಯಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡಳು.

"ಕಣ್ ಬುಡ್ಲಾ ಬೋರ! ನನ್ ರಟ್ಟೆ ಕಿತ್ತಾಕ್ತೀಯ!" ಎಂದು ಮೇಲಿಂದ ಮುದುಕಿ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಇಷ್ಟು ವರ್ಷದ ಗುಟ್ಟು ಅಲ್ಲಿಗೆ ಹೋಯಿತು.

ಆಮೇಲೆ ಬೋರಪ್ಪನ ದನಿ ಬಂತು. "ಅದು ಗುಂಡಯ್ಯನ್ ಮನೆ. ಅದು ಪುಟ್ಟಸ್ವಾಮೀದು. ಅಗಾ, ಮೇಕೆ ಮೇಯ್ತಾ ಐತಲ್ಲ, ಅದು ನಿಂದು ಕಣವ್ವ."

"ನನ್ ಮನೆ ಇಷ್ಟೇಯಾ?" ಎಂದಳು ನೀಲಗಂಗಮ್ಮ.

ಇಳಿದಾಗ ಬೋರಪ್ಪನ ಮುಖ ಅರಳಿತ್ತು. ನೀಲಗಂಗಮ್ಮ ತಾನೇ ಹಗ್ಗ ಬಿಚ್ಚಿದಳು. ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ ಎಂದು ಎಲ್ಲರಿಗೂ ಒಂದೊಂದು ಬೊಗಸೆ ರಾಗಿ ಕೊಟ್ಟಳು. ಗೌರೀಶಂಕರ ಟೋಪಿ ಒಡ್ಡಿ ಹಾಕಿಸಿಕೊಂಡರು.

ಆವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಲಾಗಲಿಲ್ಲ. ಬರುವಾಗ ದೊಡ್ಡತಾಯಮ್ಮ ಕೇಳಿದಳು.

"ಎಂಗಿತ್ತು?"

"ಇನ್ನೊಂದ್ ಸಲ ಓಗಾಕಿಲ್ಲ" ಎಂದ. ಸ್ವಲ್ಪ ದೂರ ಬಂದ ಮೇಲೆ, "ಗಾಡಿ ಕಿಟಕೀಲಿ ನಿನ್ ತಲೆ ಕಾಣ್ತಿತ್ತು ಕಣೆ" ಎಂದ.

ಹೋದ ಆಷಾಢದಲ್ಲಿ ಬೋರಪ್ಪ ತೀರಿಕೊಂಡ. ಎದೆ ನೋವು ಅಂದ, ಜಗಲಿ ಮೇಲೆ ಕೂತ, ಅಷ್ಟೆ.

ಗಾಡಿ ಓಡಿಸುವುದಕ್ಕೆ ಈಗ ಶಶಿಕುಮಾರ ಅನ್ನುವ ಹುಡುಗ ಬಂದಿದ್ದಾನೆ. ಅವನಿಗೆ ದಾರಿ ಗೊತ್ತು, ಮನೆಗಳು ಗೊತ್ತಿಲ್ಲ. ಅವು ಬೋರಪ್ಪನ ಬಾಯಲ್ಲಿದ್ದವು. ಕೇಳಿ ಕೇಳಿ ದೊಡ್ಡತಾಯಮ್ಮನಿಗೂ ಬಂದಿದ್ದವು. ಹಾಗಾಗಿ ಈ ಸಲ ಎಲೆ ಅಡಿಕೆ ಬುಟ್ಟಿ ಹಿಡಿದು ಅವಳೇ ಹೊರಟಳು. ಗಂಡ ಸತ್ತವಳ ಕೈಯಿಂದ ಈಸಿಕೊಳ್ಳುತ್ತಾರೋ ಇಲ್ಲವೋ ಅನ್ನುವ ಅಳುಕಿತ್ತು. ಮೊದಲು ನೀಲಗಂಗಮ್ಮನ ಮನೆಗೇ ಹೋದಳು.

ಮುದುಕಿ ಹೊಸ್ತಿಲಲ್ಲಿ ನಿಂತಿದ್ದಳು. ದೊಡ್ಡತಾಯಮ್ಮನ ಬರಿ ಹಣೆಯನ್ನೊಮ್ಮೆ ನೋಡಿದಳು. ತನ್ನದೂ ಬರಿ ಹಣೆಯೇ. ಸೆರಗು ಒಡ್ಡಿದಳು.

"ಮೇಕೆ ಕಟ್ಟಾಕಿವ್ನಿ. ಕೊಡವ್ವ" ಅಂದಳು.

ಪಕ್ಕದ ಮನೆಗೆ ಇಬ್ಬರೂ ಒಟ್ಟಿಗೆ ಹೋದರು.