ಅತ್ತೆಗೆ ಹಡಗು ತೋರಿಸಿದ್ದು

ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಕಟ್ಟಿಕೊಂಡ ಪೈಪಿಗೆ ಕಿವಿಯಿಟ್ಟು, ಬೆರಳಿನಿಂದ ಎರಡು ಸಲ ತಟ್ಟಿ, ತೊಂದರೆ ಎಲ್ಲಿದೆ ಅಂತ ಹೇಳಿಬಿಡುತ್ತಿದ್ದ. ಅದಕ್ಕೇ ಯಾರೋ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಇಪ್ಪತ್ತೆರಡು ವರ್ಷದಿಂದ ಅವನದು ಪ್ಲಂಬರ್ ಕೆಲಸ. ಈಗ ತಯಾರಾಗಿ ನಿಂತಿದ್ದ ಪ್ರವಾಸಿ ಹಡಗಿನಲ್ಲೇ ಎರಡೂವರೆ ವರ್ಷ ಬೆವರು ಸುರಿಸಿದ್ದ. ಹದಿನಾರು ಅಂತಸ್ತು, ಎರಡು ಸಾವಿರ ಚಿಲ್ಲರೆ ಕೋಣೆ. ಅದರಲ್ಲಿ ಅವನು ಬಲ್ಲದ್ದು ಗೋಡೆಯ ಹಿಂಭಾಗ ಮಾತ್ರ.

ಹಡಗು ಹೊರಡುವುದಕ್ಕೆ ಒಂಬತ್ತು ದಿನ ಮುಂಚೆ, ಒಂದು ಭಾನುವಾರ, ಕೆಲಸಗಾರರು ಮನೆಯವರನ್ನು ಕರೆತಂದು ಹಡಗು ತೋರಿಸಬಹುದು ಎಂದು ಕಂಪನಿ ಹೇಳಿತ್ತು. ಹೆಸರು ಬರೆಸಿಕೊಂಡದ್ದು ಆರು ತಿಂಗಳ ಹಿಂದೆ. ಆಗಲೇ ಹಾಸಿಗೆ ಹಿಡಿದಿದ್ದ ಹೆಂಡತಿ, “ನನ್ನ ಹೆಸರು ಬರೆಸ್ಬಿಡಿ, ಅಷ್ಟೊತ್ತಿಗೆ ಎದ್ದು ಓಡಾಡ್ತಿರ್ತೀನಿ” ಎಂದಿದ್ದಳು. ಅವಳು ತೀರಿಹೋಗಿ ನಾಲ್ಕು ತಿಂಗಳಾದ ಮೇಲೆ ಅವಳ ಹೆಸರಿನ ಪಾಸು ಮನೆಗೆ ಬಂತು.

ಆ ನಾಲ್ಕು ತಿಂಗಳು ಅವನು ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಗಡ್ಡ ಹೆರೆದುಕೊಳ್ಳುತ್ತಿದ್ದ, ಬಸ್ಸು ಹತ್ತುತ್ತಿದ್ದ, ಕೊಟ್ಟದ್ದನ್ನು ತಿನ್ನುತ್ತಿದ್ದ. ಉಪ್ಪು ಕಡಿಮೆಯೋ ಹೆಚ್ಚೋ ಎಂದು ಅತ್ತೆ ಕೇಳಿದರೆ ತಟ್ಟೆಯನ್ನೊಮ್ಮೆ ನೋಡಿ, “ಸರಿಯಾಗಿದೆ” ಎನ್ನುತ್ತಿದ್ದ. ಅಳು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂಬ ಚಿಂತೆಯೂ ಬಂದಿರಲಿಲ್ಲ. ಕಾಯಿಲೆ ಬಿದ್ದ ಮಗಳನ್ನು ನೋಡಿಕೊಳ್ಳಲು ಬಂದಿದ್ದ ಅತ್ತೆ ವಾಪಸು ಹೋಗಿರಲಿಲ್ಲ. ಹೋಗಿ ಎಂದು ಇವನು ಹೇಳಲಿಲ್ಲ, ಇರುತ್ತೇನೆ ಎಂದು ಅವರೂ ಹೇಳಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬಾರದಂತೆ ಓಡಾಡಿಕೊಂಡಿದ್ದರು.

ಪಾಸನ್ನು ಅತ್ತೆಯೇ ಮೊದಲು ನೋಡಿದರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ನಾನು ಬರ್ತೀನಿ” ಎಂದರು.

“ತುಂಬಾ ನಡೀಬೇಕಾಗತ್ತೆ ಅತ್ತೆ. ನಿಮ್ಮ ಮಂಡಿ…”

“ಮಂಡಿ ನಂದು. ಅದರ ಚಿಂತೆ ನಾನು ಮಾಡ್ತೀನಿ.”

ಗೇಟಿನಲ್ಲಿ ಕಾವಲಿನವನು ಪಾಸು ನೋಡಿದ, ಎಪ್ಪತ್ತು ದಾಟಿದ ಅತ್ತೆಯನ್ನು ನೋಡಿದ. “ಇದ್ರಲ್ಲಿ ಹೆಂಡತಿ ಅಂತ ಇದೆಯಲ್ಲ ಡಾಕ್ಟ್ರೇ” ಎಂದು ನಗೆಯಾಡಿದ.

“ನಾನು ಅವಳ ತಾಯಿ. ಅವಳಿಲ್ಲ,” ಎಂದರು ಅತ್ತೆ.

ಕಾವಲಿನವನು ತಲೆ ತಗ್ಗಿಸಿ ಪಾಸಿಗೆ ಮುದ್ರೆ ಒತ್ತಿದ.

ಹಡಗಿನೊಳಗೆ ಕಾಲಿಟ್ಟ ಮೇಲೆ ಅವನಿಗೇ ದಾರಿ ತಪ್ಪಿತು. ಅವನಿಗೆ ಗೊತ್ತಿದ್ದ ಹಡಗಿನಲ್ಲಿ ಸೀಮೆಸುಣ್ಣದ ಗೆರೆಗಳಿದ್ದವು, ಜೋತಾಡುವ ತಂತಿಗಳಿದ್ದವು, ಹಸಿರು ಬಳಿದ ಪೈಪು ಎಲ್ಲಿಗೆ ಹೋಗುತ್ತದೆ, ನೀಲಿಯದು ಎಲ್ಲಿಗೆ ಎಂಬ ಲೆಕ್ಕವಿತ್ತು. ಅದೆಲ್ಲದರ ಮೇಲೆ ಈಗ ಹೊಳೆಯುವ ಹಲಗೆ ಹೊದಿಸಿದ್ದರು, ಹೆಜ್ಜೆ ಸದ್ದೂ ಕೇಳದಂಥ ರತ್ನಗಂಬಳಿ ಹಾಸಿದ್ದರು. ಸಮವಸ್ತ್ರದ ಹುಡುಗಿಯೊಬ್ಬಳು ಅವನ ಕೈಗೆ ನಕ್ಷೆ ಕೊಟ್ಟು, “ಮೊದಲ ಸಲ ಬರ್ತಿದೀರಾ ಸರ್?” ಎಂದಳು. ಅವನು ಹೌದು ಎಂದುಬಿಟ್ಟ.

ಗಾಜಿನ ಲಿಫ್ಟಿನಲ್ಲಿ ಮೇಲೆ ಹೋದರು. ಸಾವಿರ ಜನ ಕೂರುವ ನಾಟಕಶಾಲೆ ನೋಡಿದರು. ಊಟದ ಸಭಾಂಗಣದಲ್ಲಿ ಖಾಲಿ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದರು. ಅತ್ತೆ ಒಂದು ತಟ್ಟೆಯನ್ನು ತಿರುಗಿಸಿ ಅಡಿ ನೋಡಿ, ಇದ್ದಲ್ಲೇ ಇಟ್ಟರು.

“ಇಷ್ಟು ಭಾರದ್ದು ತೇಲತ್ತಾ?”

“ತೇಲ್ತಾನೇ ಇದೆ ಅತ್ತೆ. ನಾವು ನಿಂತಿರೋದು ನೀರಿನ ಮೇಲೆ.”

“ಗೊತ್ತೇ ಆಗಲ್ಲವಲ್ಲ,” ಎಂದು ಅತ್ತೆ ಕಾಲಿನಿಂದ ನೆಲವನ್ನು ಒತ್ತಿ ನೋಡಿದರು. ಅವನಿಗೂ ಗೊತ್ತಾಗುತ್ತಿರಲಿಲ್ಲ.

ಮೇಲಿನ ಅಂತಸ್ತಿನಲ್ಲಿ ಈಜುಕೊಳವಿತ್ತು. ಬೇರೆಯವರ ಮಕ್ಕಳು ಅದರ ಅಂಚಿನಲ್ಲಿ ಓಡುತ್ತಿದ್ದವು. ಹೆಂಡಂದಿರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಕುರ್ಚಿಯೊಂದರಲ್ಲಿ ಕುಳಿತು ಮಂಡಿ ನೀವಿಕೊಂಡರು. ಆಮೇಲೆ, ನೀರು ಕೇಳುವಷ್ಟು ಸಲೀಸಾಗಿ, “ಅವತ್ತು ನೀವು ಎಲ್ಲಿದ್ರಿ, ಆ ಜಾಗ ತೋರ್ಸಿ” ಎಂದರು.

ಯಾವತ್ತು ಎಂದು ಅವನು ಕೇಳಲಿಲ್ಲ.

ಆಸ್ಪತ್ರೆಯಿಂದ ಅತ್ತೆ ಅವತ್ತು ಅವನಿಗೆ ಹನ್ನೊಂದು ಸಲ ಫೋನು ಮಾಡಿದ್ದರು. ಅವನು ಅಲ್ಲಿಗೆ ಮುಟ್ಟುವಾಗ ಸಂಜೆ ಐದಾಗಿತ್ತು. ಎಲ್ಲ ಮುಗಿದು ಮೂರು ಗಂಟೆ ಕಳೆದಿತ್ತು. “ಕೆಳಗೆ ಸಿಗ್ನಲ್ ಬರಲ್ಲ ಅತ್ತೆ. ಸುತ್ತ ಕಬ್ಬಿಣ,” ಎಂದಿದ್ದ. ಅವರು ತಲೆಯಾಡಿಸಿದ್ದರು. ಅದರ ಮೇಲೆ ಆ ಮಾತು ಮನೆಯಲ್ಲಿ ಮತ್ತೆ ಬಂದಿರಲಿಲ್ಲ.

ನಾಲ್ಕನೇ ಅಂತಸ್ತಿಗೆ ಇಳಿದರು. ಉದ್ದಕ್ಕೂ ಒಂದೇ ಥರದ ಬಾಗಿಲುಗಳು. ನಂಬರು ನೋಡಿ ಒಂದನ್ನು ತಳ್ಳಿದ. ಕಿಟಕಿಯಿಲ್ಲದ ಚಿಕ್ಕ ಕೋಣೆ. ಕಿಟಕಿ ಇರಬೇಕಾದ ಕಡೆ ಪರದೆ ಬಿಟ್ಟು, ಅದರ ಹಿಂದೆ ಸಮುದ್ರದ ಚಿತ್ರ ಅಂಟಿಸಿದ್ದರು. ಅತ್ತೆ ಮಂಚದ ಅಂಚಿನಲ್ಲಿ ಕುಳಿತು, ಚೀಲದಿಂದ ಫೋನು ತೆಗೆದು, ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇಲ್ಲಿ ಸಿಗತ್ತಲ್ಲ,” ಎಂದರು. ಒಂದು ಗುಂಡಿ ಒತ್ತಿದರು. ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಅದು ಬಡಿದುಕೊಂಡು ತಾನೇ ನಿಂತಿತು. ಅವನು ಚಾವಣಿಯಲ್ಲಿದ್ದ ಬಿಳಿ ಡಬ್ಬಿಯೊಂದನ್ನು ತೋರಿಸಿದ. “ಅದರಿಂದ ಬರತ್ತೆ ಅತ್ತೆ. ಹೋದ ತಿಂಗಳು ಹಾಕಿದ್ದು. ಅವತ್ತು ಇರ್ಲಿಲ್ಲ.”

“ನಾನು ಕೇಳ್ಲಿಲ್ಲವಲ್ಲ.”

ಅಲ್ಲಿಗೇ ಬಿಡಬಹುದಿತ್ತು. ಆದರೆ ಅವನ ಬಾಯಿ ತನ್ನಷ್ಟಕ್ಕೆ ಮುಂದುವರಿಯಿತು. “ಊಟಕ್ಕೆ ದಿನಾ ಮೇಲೆ ಹೋಗ್ತಿದ್ದೆ. ಮೇಲೆ ಸಿಗ್ತಿತ್ತು. ಅವತ್ತು ಹೋಗ್ಲಿಲ್ಲ.”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಏನ್ ಕೆಲ್ಸ ಇತ್ತು?”

“ಪೈಪಿಗೆಲ್ಲ ನೀರು ತುಂಬ್ಸಿ ಒತ್ತಡ ಕೊಡ್ತೀವಿ. ಎಲ್ಲಾದ್ರೂ ಸೋರಿದ್ರೆ ಮೀಟರಿನ ಮುಳ್ಳು ಇಳಿಯತ್ತೆ. ಎರಡು ಗಂಟೆ ನೋಡ್ತಾ ಕೂತಿರ್ಬೇಕು. ಬೇರೆಯವ್ರು ಕೂತ್ಕೋತೀವಿ ಅಂದ್ರು. ನಾನೇ ಬೇಡ ಅಂದೆ.”

“ಇಳೀತಾ?”

“ಇಲ್ಲ. ಹಾಗೇ ನಿಂತಿತ್ತು.”

“ಹೂಂ,” ಎಂದರು ಅತ್ತೆ. ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು: “ಅವಳು ನಿಮ್ಮನ್ನ ಕೇಳ್ಲಿಲ್ಲ. ಬೆಳಗ್ಗೆಯಿಂದ ಕಣ್ಣೇ ಬಿಟ್ಟಿರ್ಲಿಲ್ಲ. ಅಷ್ಟು ಸಲ ಫೋನು ಮಾಡಿದ್ದು ನನಗೆ ಭಯ ಆಗಿ. ಒಬ್ಬಳೇ ಇದ್ನಲ್ಲ.”

ಅದನ್ನು ಕೇಳಿ ತನಗೆ ಏನಾದರೂ ಆಗಬೇಕು ಎಂದು ಅವನು ಕಾದ. ಎದೆ ಹಗುರಾಗಬೇಕಿತ್ತು, ಇಲ್ಲವೇ ಇನ್ನಷ್ಟು ಭಾರವಾಗಬೇಕಿತ್ತು. ಎರಡೂ ಆಗಲಿಲ್ಲ. ಪಾದ ಜೋಮು ಹಿಡಿದಾಗ ನೆಲ ಇದೆಯೆಂದು ಗೊತ್ತಾಗುತ್ತದೆ, ಮುಟ್ಟಿದಂತೆ ಅನ್ನಿಸುವುದಿಲ್ಲವಲ್ಲ, ಆ ಮಾತೂ ಅಷ್ಟೇ ದೂರದಲ್ಲಿ ನಿಂತಿತು. ಆದರೂ ಅವನು ಅತ್ತೆಯ ಪಕ್ಕದಲ್ಲಿ ಮಂಚದ ಮೇಲೆ ಕುಳಿತುಕೊಂಡ. ನಾಲ್ಕು ತಿಂಗಳಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತದ್ದು ಅದೇ ಮೊದಲು.

ಹೊರಡುವ ಮೊದಲು ಅತ್ತೆ ಬಚ್ಚಲಿಗೆ ಹೋದರು. ಕಕ್ಕಸಿನ ಗುಂಡಿ ಒತ್ತಿದ್ದೇ ತಡ, ಇಡೀ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುವಂಥ ಸದ್ದಾಯಿತು. ಅತ್ತೆ ಬಾಗಿಲು ಹಿಡಿದುಕೊಂಡು ಹೊರಗೆ ಬಂದರು.

“ಇದು ನೀವು ಮಾಡಿದ್ದಾ?”

“ಹೂಂ ಅತ್ತೆ. ನೀರು ಕಮ್ಮಿ, ಗಾಳೀನೇ ಎಳೆಯತ್ತೆ.”

“ಮೊದ್ಲೇ ಹೇಳೋದಲ್ವಾ? ಜೀವ ಬಾಯಿಗೆ ಬಂತು ನಂಗೆ.”

ಅವನಿಗೆ ನಗು ಬರುವಂತಾಯಿತು. ಗಂಟಲಿನ ತನಕ ಬಂದು ಅಲ್ಲೇ ಇಳಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಅವನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋದರು. ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಇನ್ನೊಂದು ಬಂತು. ಬಟ್ಟೆ ಅಂಗಡಿ, ಶಾಲೆಯ ಕಾಂಪೌಂಡು, ಪೆಟ್ರೋಲ್ ಬಂಕು ಎಲ್ಲ ಹಿಂದಕ್ಕೆ ಸರಿದವು. ಅವನು ಕದಲಲಿಲ್ಲ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು ಬಂದು ಸೀಟು ತಟ್ಟಿದ ಮೇಲೆಯೇ ಅತ್ತೆ ಎದ್ದದ್ದು.

“ಎಬ್ಸೋಕೆ ಏನಾಗಿತ್ತು ನಿಮ್ಗೆ? ಈ ಮಂಡಿ ಇಟ್ಕೊಂಡು ಈಗ ವಾಪಸ್ ನಡೀಬೇಕಾ?”

“ಆಟೊ ಹಿಡಿಯೋಣ ಅತ್ತೆ.”

“ಬೇಡ. ನಿಧಾನಕ್ಕೆ ಹೋಗೋಣ.”

ಅವನ ತೋಳು ಹಿಡಿದುಕೊಂಡು, ದಾರಿಯುದ್ದಕ್ಕೂ ಬೈಯುತ್ತಾ ಅವರು ನಡೆದರು. ಅವನು ಹೂಂಗುಟ್ಟುತ್ತಾ ಬಂದ.

ಒಂಬತ್ತು ದಿನ ಕಳೆದು ಹಡಗು ಹೊರಟಾಗ ಅವನು ಪಕ್ಕದ ಅಂಗಳದಲ್ಲಿ, ಇನ್ನೂ ಬರೀ ತಗಡಿನ ಪೆಟ್ಟಿಗೆಯಂತಿದ್ದ ಹೊಸ ಹಡಗಿನ ಹೊಟ್ಟೆಯಲ್ಲಿದ್ದ. ಮೂರು ಸಲ ಹಾರನ್ ಕೇಳಿಸಿತು. ಜೊತೆಗಿದ್ದವರೆಲ್ಲ ನೋಡಲು ಮೇಲೆ ಓಡಿದರು. ಒಬ್ಬ ತಿರುಗಿ, “ಬನ್ನಿ ಡಾಕ್ಟ್ರೇ” ಎಂದ. ಅವನು ಅಂಟು ಹಚ್ಚಿದ ಎರಡು ಪೈಪುಗಳನ್ನು ಜೋಡಿಸಿ ಹಿಡಿದಿದ್ದ. ಅರವತ್ತು ಎಣಿಸುವ ತನಕ ಬಿಡುವಂತಿರಲಿಲ್ಲ. ಎಣಿಸಿದ. ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿ, ಮುಂದಿನ ಪೈಪಿಗೆ ಕೈ ಹಾಕಿದ.